ಬೈದರೆ ಕೇಸು, ಕಣ್ಣು ಹೊಡೆದರೆ ಚಪ್ಪಾಳೆ

ಬನದ ಹುಣ್ಣಿಮೆಗೆ ತೇರು ಎಳೆದ ಮಾತ್ರಕ್ಕೆ ಬನಶಂಕರಿ ಜಾತ್ರೆ ಮುಗಿಯುವುದಿಲ್ಲ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಯಲಿನಲ್ಲಿ ಅದು ಇನ್ನೂ ವಾರಗಟ್ಟಲೆ ನಡೆದೇ ಇರುತ್ತದೆ. ಹೊಸ ಮನೆಗೆ ಬಾಗಿಲು, ಚೌಕಟ್ಟು ನೋಡಲು ಬಂದ ರೈತರು, ಇಳಕಲ್ ಸೀರೆಯ ಸೆರಗು ಹಿಡಿದು ಚೌಕಾಸಿಗೆ ನಿಂತ ಹೆಂಗಸರು, ಗುಳೇದಗುಡ್ಡದ ಖಣದ ಅಂಗಡಿಗಳು, ಎಣ್ಣೆಯಲ್ಲಿ ಬೇಯುವ ಮಿರ್ಚಿಯ ಘಾಟು. ಇವೆಲ್ಲದರ ಮೇಲೆ ಹಾಯ್ದು ಬರುವುದು ನಾಟಕ ಕಂಪನಿಗಳ ಮೈಕು. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳು ಒಂದರ ಮಗ್ಗುಲಿಗೆ ಒಂದು ಥೇಟರು ಕಟ್ಟಿಕೊಂಡು ಇಲ್ಲಿ ಮೊಕ್ಕಾಂ ಹೂಡುತ್ತವೆ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಒಂದು ಕ್ಯಾಂಪಿನಲ್ಲೇ ಹುಟ್ಟಬೇಕು. ಸಿನಿಮಾ, ಧಾರಾವಾಹಿಯ ನಟನಟಿಯರನ್ನು ಅತಿಥಿಗಳಾಗಿ ಕರೆಸುವ ಕಂಪನಿಗಳೂ ಇವೆ. ಆದರೆ ಥೇಟರು ತುಂಬುವುದು ಬಹುಮಟ್ಟಿಗೆ ಕಾಮಿಡಿ ಪಾರ್ಟಿನವನ ಬಲದ ಮೇಲೆ.

ಆ ಕಾಮಿಡಿ ಎಂಥದ್ದೆಂದು ಈ ಭಾಗದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರಧಾರಿಯ ಬಾಯಿಂದ ಅಚ್ಚ ಬೈಗುಳ ಹೊರಡುವುದು ಅಪರೂಪ. ‘ಮಂಗ್ಯಾನ ಮಗನ’, ‘ಹುಚ್ಚ ಖೋಡಿ’ ಎಂಬುವು ಇಲ್ಲಿ ಬೈಗುಳದ ಲೆಕ್ಕಕ್ಕೇ ಬರುವುದಿಲ್ಲ. ತಾಯಿ ಮಗನಿಗೆ, ಗೆಳೆಯ ಗೆಳೆಯನಿಗೆ ಅಕ್ಕರೆ ಉಕ್ಕಿದಾಗ ಆಡುವ ಮಾತುಗಳವು. ಅಲ್ಲಿ ನಡೆಯುವುದು ಬೇರೆಯೇ ವ್ಯಾಪಾರ. ಬದನೆಕಾಯಿ, ಹಾಲು, ಹೊಲ, ಬಾವಿ, ಹಗ್ಗ, ಗುದ್ದಲಿ: ಒಕ್ಕಲುತನದ ಯಾವ ಪದವೂ ಅವನ ಕೈಯಿಂದ ಪಾರಾಗುವುದಿಲ್ಲ. ಒಂದು ಮಾತು ಆಡುತ್ತಾನೆ, ತುಸು ತಡೆಯುತ್ತಾನೆ, ಎದುರಿಗಿರುವ ನಟಿಯನ್ನು ಮೇಲಿಂದ ಕೆಳಗೆ ನೋಡುತ್ತಾನೆ, ಡ್ರಮ್ಮಿನವನು ಒಂದು ಏಟು ಹಾಕುತ್ತಾನೆ. ಸಿಳ್ಳೆಯೋ ಸಿಳ್ಳೆ. ಅವನಾಡಿದ ಮಾತನ್ನು ಚೀಟಿಯಲ್ಲಿ ಬರೆದು ಠಾಣೆಗೆ ಒಯ್ದರೆ ಪೊಲೀಸರಿಗೆ ಅದು ಕಾಯಿಪಲ್ಯದ ಸಂತೆಯ ವರದಿಯಂತೆ ಕಾಣಬಹುದು.

ಇನ್ನೊಂದು ಕಡೆ ಬೆಂಗಳೂರು, ಮುಂಬಯಿಗಳ ಸ್ಟ್ಯಾಂಡಪ್ ಕಾಮಿಡಿ. ಅಲ್ಲಿ ಹುಡುಗರು, ಈಗ ಹುಡುಗಿಯರೂ, ಮೈಕು ಹಿಡಿದರೆ ಎರಡು ವಾಕ್ಯಕ್ಕೊಂದು ಬೈಗುಳ. ನಾಡಿನ ಸಿಟ್ಟೆಲ್ಲ ಇವರ ಮೇಲೆ. 2014ರ ಡಿಸೆಂಬರಿನಲ್ಲಿ ಮುಂಬಯಿಯ ವರ್ಲಿಯಲ್ಲಿ ನಡೆದ ಎಐಬಿ ತಂಡದ ರೋಸ್ಟ್ ಕಾರ್ಯಕ್ರಮ ಮೊಕದ್ದಮೆಯಲ್ಲಿ ಸಿಕ್ಕಿಕೊಂಡಿತು. 2025ರ ಫೆಬ್ರುವರಿಯಲ್ಲಿ ‘ಇಂಡಿಯಾಸ್ ಗಾಟ್ ಲೇಟೆಂಟ್’ ಎಂಬ ಯೂಟ್ಯೂಬ್ ಕಾರ್ಯಕ್ರಮದಲ್ಲಿ ರಣವೀರ್ ಅಲ್ಲಾಬಾದಿಯಾ ಕೇಳಿದ ಒಂದು ಹೊಲಸು ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು; ಬಂಧನದಿಂದ ರಕ್ಷಣೆ ಕೊಡುವಾಗಲೂ ನ್ಯಾಯಮೂರ್ತಿಗಳು ಅವರನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡರು. ಟಿವಿ ಚರ್ಚೆಗಳಲ್ಲಿ ಸಂಸ್ಕೃತಿ ರಕ್ಷಕರು ಗಂಟಲು ಹರಿದುಕೊಂಡರು. ಅವರಲ್ಲಿ ಎಷ್ಟು ಮಂದಿ ಊರ ಜಾತ್ರೆಯ ನಾಟಕಕ್ಕೆ ಮೊದಲ ಸಾಲಿನ ಕುರ್ಚಿ ಕಾಯ್ದಿರಿಸುವವರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಬೈಗುಳ ಇದ್ದರೆ ಹೊಲಸು, ಇಲ್ಲದಿದ್ದರೆ ಶುದ್ಧ ಎಂಬ ಗೆರೆಯನ್ನು ಒಪ್ಪಿಕೊಂಡರೆ ಚೊಳಚಗುಡ್ಡದ ಥೇಟರು ಮಡಿ, ಬೆಂಗಳೂರಿನ ಕ್ಲಬ್ಬು ಮೈಲಿಗೆ. ಆದರೆ ಎರಡನ್ನೂ ಕಂಡವರಿಗೆ ಈ ಗೆರೆ ತಪ್ಪಾದ ಜಾಗದಲ್ಲಿ ಬಿದ್ದಿದೆ ಅನ್ನಿಸದೆ ಇರದು.

ಕಾನೂನು ಕೂಡ ಈಚೆಗೆ ಈ ಗೆರೆಯನ್ನು ಸರಿಸಿದೆ. ‘ಕಾಲೇಜ್ ರೊಮಾನ್ಸ್’ ಎಂಬ ವೆಬ್ ಸರಣಿಯ ಪಾತ್ರಗಳು ಬಾಯಿಗೆ ಬಂದಂತೆ ಬೈದಾಡುತ್ತವೆ ಎಂದು ದಿಲ್ಲಿಯಲ್ಲಿ ದೂರು ದಾಖಲಾಗಿತ್ತು. ಹೈಕೋರ್ಟು ದೂರನ್ನು ಎತ್ತಿಹಿಡಿಯಿತು. 2024ರ ಮಾರ್ಚ್ 19ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಪಿ.ಎಸ್. ನರಸಿಂಹ ಅವರ ಪೀಠ ಅದನ್ನು ರದ್ದು ಮಾಡಿತು. ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅಶ್ಲೀಲವಾಗುವುದಿಲ್ಲ. ಕೇಳಿದವರಿಗೆ ಅಸಹ್ಯವಾಗಬಹುದು, ಮುಜುಗರವಾಗಬಹುದು, ಆದರೆ ಕಾಮದ ಕೆರಳಿಕೆ ಹುಟ್ಟಿಸಿದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಅಶ್ಲೀಲ ಎಂಬುದು ತೀರ್ಪಿನ ಸಾರ. ಬೋಪಣ್ಣನವರು ಕೊಡಗಿನವರು, ಒರಟು ಮಾತಿಗೂ ಕೆಟ್ಟ ಮಾತಿಗೂ ಇರುವ ಅಂತರ ಅವರಿಗೆ ಪುಸ್ತಕದಿಂದಲೇ ತಿಳಿಯಬೇಕಿರಲಿಲ್ಲ.

ಈ ಅಳತೆಗೋಲನ್ನು ಬನಶಂಕರಿಗೆ ತಂದು ಹಿಡಿದರೆ ಲೆಕ್ಕ ತಿರುವುಮುರುವಾಗುತ್ತದೆ. ಬೆಂಗಳೂರಿನ ಹುಡುಗ ಟ್ರಾಫಿಕ್ಕಿಗೆ ಹಾಕುವ ಬೈಗುಳದಲ್ಲಿ ಕೆರಳಿಕೆ ಎಲ್ಲಿದೆ? ಇಲ್ಲಿ ಮಾತು ಮಡಿ, ಉದ್ದೇಶ ಪೂರ್ತಿ ಕೆರಳಿಸುವುದೇ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತು, ಹಾಡುಗಳಿಗೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮು ಮೂರು ತಿಂಗಳವರೆಗೆ ಸಜೆ ಹೇಳುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಇತರರಿಗೆ ಕಿರಿಕಿರಿಯಾಗಿರಬೇಕು. ಸಿಳ್ಳೆ ಹಾಕಿ ಒನ್ಸ್ ಮೋರ್ ಕೇಳುವ ಥೇಟರಿನಲ್ಲಿ ಕಿರಿಕಿರಿಯಾದವನನ್ನು ಹುಡುಕಿ ತರುವುದು ಪೊಲೀಸರಿಗೂ ಕಷ್ಟ. ಕಿರಿಕಿರಿಯಾದವರು ಇಲ್ಲವೆಂದಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, ಮಗಳು ‘ಅಪ್ಪಾ, ಎಲ್ಲಾರೂ ಯಾಕ ನಗಾಕತ್ತಾರ?’ ಎಂದು ಕೇಳಿದಾಗ ವೇದಿಕೆ ಬಿಟ್ಟು ಮೇಲಿನ ತಗಡು ನೋಡುವ ತಂದೆಯರು ಅಲ್ಲಿ ಇದ್ದೇ ಇರುತ್ತಾರೆ. ಅವರು ದೂರು ಕೊಡುವುದಿಲ್ಲ. ಮುಂದಿನ ವರ್ಷ ಬರುವುದಿಲ್ಲ, ಅಷ್ಟೇ.

ಈ ಸೀಮೆಗೆ ಬೈಗುಳ ಹೊಸದೇನಲ್ಲ. ಬಾಗಲಕೋಟೆಯ ಹೋಳಿ ಹೆಸರಾಂತದ್ದು. ಹಲಗಿ ಬಡಿತ, ಬಣ್ಣದ ಬಂಡಿ, ಓಣಿ ಓಣಿಯ ಪೈಪೋಟಿ, ದಿನಗಟ್ಟಲೆ ಸಂಭ್ರಮ. ಕಾಮನ ಕಟ್ಟಿಗೆಯ ಸುತ್ತ ‘ಲಬೋ ಲಬೋ’ ಎಂದು ಬಾಯಿ ಬಡಿದುಕೊಳ್ಳುವಾಗ ಹುಡುಗರ ಬಾಯಲ್ಲಿ ಬರುವ ಮಾತುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಹಿರಿಯರು ಕೇಳಿಯೂ ಕೇಳದಂತೆ ಇರುತ್ತಾರೆ. ಆದರೆ ಅದಕ್ಕೊಂದು ತಿಥಿ ಇದೆ, ಜಾಗ ಇದೆ. ಬೂದಿ ಆರಿದ ಮೇಲೆ ಅದೇ ಹುಡುಗ ಅದೇ ಹಿರಿಯರ ಮುಂದೆ ಹಾಗೆ ಮಾತಾಡಿದರೆ ಕಪಾಳಮೋಕ್ಷ. ಇಲ್ಲಿಯ ಜನ ಹೊಲಸು ಮಾತನ್ನು ಎಂದೂ ಇಲ್ಲವಾಗಿಸಲಿಲ್ಲ, ಅದಕ್ಕೆ ಕಾಲ ಮತ್ತು ಜಾಗ ಗೊತ್ತುಮಾಡಿ ಕೂರಿಸಿದರು.

ಸ್ವಚ್ಛ ಹಾಸ್ಯವೂ ಇಲ್ಲಿಯದೇ ಬೆಳೆ. ಮುಧೋಳ, ಲೋಕಾಪುರ, ಜಮಖಂಡಿಯ ಸುತ್ತ ಆಡುವ ಶ್ರೀಕೃಷ್ಣ ಪಾರಿಜಾತದಲ್ಲಿ ದೇವರ ಕಥೆಯ ನಡುವೆ ದೂತಿ ಬರುತ್ತಾಳೆ. ಭಾಗವತನ ಜೊತೆ ಅವಳ ವಾದ ಅಪ್ಪಟ ಹಳ್ಳಿ ಕನ್ನಡದಲ್ಲಿ. ದೊಡ್ಡವರ ಬಡಿವಾರವನ್ನು ಆಳಿನ ಬಾಯಿಂದ ಬಯಲು ಮಾಡಿಸುವ ಆ ಉಪಾಯಕ್ಕೆ ಹೊಲಸು ಬೇಕಾಗಲಿಲ್ಲ. ರುಕ್ಮಿಣಿ, ಸತ್ಯಭಾಮೆಯರ ಸವತಿ ಮತ್ಸರವನ್ನು ಇಡೀ ರಾತ್ರಿ ಕುಳಿತು ನೋಡುವ ಜನ ದೂತಿ ಬಂದೊಡನೆ ನಿದ್ದೆಯಿಂದ ಏಳುತ್ತಾರೆ.

ಕಂಪನಿ ನಾಟಕದ ಹಿಂದಿನ ತಲೆಮಾರೂ ಇದೇ ನೆಲದ್ದು. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರ ಊರು ಕಂದಗಲ್ಲು ಇಳಕಲ್ಲಿನ ಮಗ್ಗುಲಲ್ಲೇ ಇದೆ. ಸಾಮಾಜಿಕ ನಾಟಕಗಳಿಂದ ಕಂಪನಿಗಳ ಪೆಟ್ಟಿಗೆ ತುಂಬಿಸಿದ ಪಿ.ಬಿ. ಧುತ್ತರಗಿ ಹುನಗುಂದ ಸೀಮೆಯ ಸೂಳೇಭಾವಿಯವರು. (ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿದೆ, ಯಾರ ಸಂಸ್ಕೃತಿಗೂ ಧಕ್ಕೆಯಾದ ವರದಿ ಇಲ್ಲ.) ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಗಿ ರಾಜಕುಮಾರ್ ಎಮ್ಮೆ ಏರಿ ಬಂದರು. ಊರ ಸಾಹುಕಾರನಿಗೆ ಹೆದರದೆ ಎದುರುತ್ತರ ಕೊಡುವ ನಾಯಕ, ಸೊಕ್ಕಿನ ಹೆಣ್ಣು, ಅವರಿಬ್ಬರ ಜಟಾಪಟಿ. ನಗೆ ಅಲ್ಲಿ ಕಥೆಯ ಒಳಗಿಂದ ಹುಟ್ಟುತ್ತಿತ್ತು.

ಹಾಗಿದ್ದರೆ ಈಗಿನ ಥೇಟರಿಗೆ ಏನಾಯಿತು? ದುಡ್ಡು. ಮೊದಲು ಸಿನಿಮಾ, ಆಮೇಲೆ ಟಿವಿ, ಆಮೇಲೆ ಕಿಸೆಯೊಳಗಿನ ಮೊಬೈಲು ಪ್ರೇಕ್ಷಕರನ್ನು ಕಿತ್ತುಕೊಂಡವು. ಊರೂರು ತಿರುಗುತ್ತಿದ್ದ ನೂರಾರು ಕಂಪನಿಗಳ ಪೈಕಿ ಉಳಿದವು ಕೆಲವೇ. ತಗಡು, ಕಂಬ, ಸೀನರಿ, ಲಾರಿ ಬಾಡಿಗೆ, ಜಾಗದ ಬಾಡಿಗೆ, ಕಲಾವಿದರ ಸಂಬಳ, ಎಲ್ಲರ ಊಟ. ಮಳೆಗಾಲದಲ್ಲಿ ಬರೀ ಖರ್ಚು. ಮಗ್ಗುಲ ಕಂಪನಿಯ ಕಾಮಿಡಿಯವನು ಒಂದು ಮಾತು ಮುಂದೆ ಹೋಗಿ ಹೌಸ್‌ಫುಲ್ ಮಾಡಿದರೆ ಈ ಕಂಪನಿಯವನು ಎರಡು ಮಾತು ಮುಂದೆ ಹೋಗಬೇಕು. ಬರೆದ ನಾಟಕದಲ್ಲಿ ಇಲ್ಲದ ಮಾತು ಆಟದಿಂದ ಆಟಕ್ಕೆ ಬೆಳೆಯುತ್ತ ಹೋಗುತ್ತದೆ. ಯಾವ ಮಾತಿಗೆ ಸಿಳ್ಳೆ ಬಿತ್ತೋ ಅದು ನಾಳೆಗೂ ಉಳಿಯುತ್ತದೆ. ಹೀಗೆ ಒಂದು ಕ್ಯಾಂಪು ಮುಗಿಯುವ ಹೊತ್ತಿಗೆ ನಾಟಕಕಾರನೇ ಬಂದು ನೋಡಿದರೂ ತನ್ನ ನಾಟಕದ ಗುರುತು ಹಿಡಿಯಲಾರ. ಮಾಲೀಕನನ್ನು ಬೈಯುವುದು ಸುಲಭ. ಅವನ ಲೆಕ್ಕದ ವಹಿ ನೋಡಿದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.

ಈ ಲೆಕ್ಕದಲ್ಲಿ ಕಾಣದ ಒಂದು ಬಾಬ್ತು ಇದೆ. ಆ ಜೋಕು ಬೀಳುವುದು ಯಾರ ಮೈಮೇಲೆ? ಹೆಣ್ಣು ಪಾರ್ಟಿನವಳ ಮೇಲೆ. ಅವಳು ನಾಚಿದಂತೆ ನಟಿಸಬೇಕು, ಇಲ್ಲವೇ ಅವನಿಗಿಂತ ಒಂದು ಕೈ ಮೇಲಾಗಿ ಮಾರುತ್ತರ ಕೊಡಬೇಕು. ಮರುದಿನ ಬೆಳಗ್ಗೆ ಜಾತ್ರೆಯ ಅಂಗಡಿಗೆ ಹೋದರೆ ರಾತ್ರಿಯ ಸಂಭಾಷಣೆಯನ್ನು ಅವಳ ಬೆನ್ನಿಗೆ ಎಸೆಯುವ ಪುಂಡರು ಸಿಗುತ್ತಾರೆ. ಕಾಮಿಡಿ ಪಾರ್ಟಿನವನಿಗೆ ಬೀಳುವುದು ಬರೀ ಚಪ್ಪಾಳೆ.

ಉಮಾಶ್ರೀಯವರ ಬದುಕು ಈ ವಿಷಯದಲ್ಲಿ ಯಾವ ಭಾಷಣಕ್ಕಿಂತಲೂ ಹೆಚ್ಚು ಹೇಳುತ್ತದೆ. 1984ರ ಕಾಶಿನಾಥರ ‘ಅನುಭವ’ದಿಂದ ಜನರ ಕಣ್ಣಿಗೆ ಬಿದ್ದ ಅವರನ್ನು ಚಿತ್ರರಂಗ ವರ್ಷಗಟ್ಟಲೆ ಎರಡರ್ಥದ ಹಾಸ್ಯಕ್ಕೆ ಕಟ್ಟಿಹಾಕಿತು. ಎನ್.ಎಸ್. ರಾವ್ ಮತ್ತು ಉಮಾಶ್ರೀ ಜೋಡಿ ತೆರೆಗೆ ಬಂದರೆ ಸಂಭಾಷಣೆ ಯಾವ ದಿಕ್ಕಿಗೆ ಹೋಗುತ್ತದೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತಿತ್ತು. ಅದೇ ಉಮಾಶ್ರೀ ರಂಗದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾದರೆ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಅವರಿಗೆ ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಪ್ರಶಸ್ತಿ ತಂದಿತು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ಅಂದರೆ ಈ ಸೀಮೆಯ ಮತದಾರರಿಗೆ ಆ ಹಳೆಯ ಪಾತ್ರಗಳು ಅಡ್ಡ ಬರಲಿಲ್ಲ. ನಟಿ ಬೇರೆ, ಪಾರ್ಟು ಬೇರೆ ಎಂಬುದನ್ನು ಜನ ಬಲ್ಲರು. ಹಾಗೆ ಬಲ್ಲ ಜನರಿಗೆ ನಟಿಯರ ಮೈಯನ್ನು ಬಿಟ್ಟು ಬೇರೆ ಯಾವುದಕ್ಕೂ ನಗು ಬರುವುದಿಲ್ಲ ಎಂದು ಕಂಪನಿಯವರು ನಂಬಿರುವುದು ವಿಚಿತ್ರ.

ನಗು ಬರುತ್ತದೆ ಎಂಬುದಕ್ಕೆ ಗಂಗಾವತಿ ಪ್ರಾಣೇಶ್ ಇದ್ದಾರೆ. ಒಂದು ಮೈಕು, ಒಬ್ಬ ಮನುಷ್ಯ, ಒಂದು ಬಯಲು: ಸ್ಟ್ಯಾಂಡಪ್ ಎಂಬ ಹೆಸರು ಈ ಭಾಗದ ಕಿವಿಗೆ ಬೀಳುವ ಮೊದಲೇ ಅವರು ಮಾಡುತ್ತಿದ್ದುದು ಅದನ್ನೇ. ಅಜ್ಜಿಯಿಂದ ಮೊಮ್ಮಗನವರೆಗೆ ಒಂದೇ ಚಾಪೆಯ ಮೇಲೆ ಕೂತು ನಗಬಹುದಾದ ಮಾತು. ಮದುವೆ ಮನೆಯ ಊಟ, ಸಾಲಿ ಮಾಸ್ತರರ ಏಟು, ಊರಿಗೆ ಬರುವ ಬಸ್ಸು. ಅವರು ಗುರುವೆಂದು ನೆನೆಯುವುದು ಬೀಚಿಯವರನ್ನು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿದ್ದುಕೊಂಡೇ ಬೀಚಿಯಾದರು. ಅವರು ಸೃಷ್ಟಿಸಿದ ತಿಂಮ ಹೆಂಡ ಬಲ್ಲ, ಹೆಣ್ಣಿನ ಚಪಲ ಬಲ್ಲ, ದೇವರ ಹೆಸರಿನ ಸೋಗು ಬಲ್ಲ. ಬೀಚಿ ಮಡಿವಂತರಲ್ಲ, ಅವರ ಕಾಲದ ಮಡಿವಂತರಿಗೆ ಅವರು ಸೇರುತ್ತಲೂ ಇರಲಿಲ್ಲ. ವಿಷಯ ಎಷ್ಟೇ ಕೆಸರಿನದಾಗಿದ್ದರೂ ಮಾತಿನ ಮೊನೆ ಸೋಗಲಾಡಿಯ ಕಡೆಗೇ ಇರುತ್ತಿತ್ತು. ದಕ್ಷಿಣದಲ್ಲಿ ರಾ.ಶಿ. 1942ರಲ್ಲಿ ಶುರುಮಾಡಿ 25 ವರ್ಷ ನಡೆಸಿದ ‘ಕೊರವಂಜಿ’ ಇನ್ನೊಂದು ಬಗೆಯದು: ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲೇ ವ್ಯಂಗ್ಯಚಿತ್ರ ಬರೆದ, ಮನೆಮಂದಿಯೆಲ್ಲ ಓದುತ್ತಿದ್ದ ಪತ್ರಿಕೆ.

ಹೀಗೆಂದು ಸ್ವಚ್ಛ ಹಾಸ್ಯದ ಕೊರಳಿಗೆ ಹಾರ ಹಾಕಿ ಮಾತು ಮುಗಿಸುವಂತಿಲ್ಲ. ಬೈಗುಳವಿಲ್ಲದ ಹಾಸ್ಯೋತ್ಸವದಲ್ಲಿ, ಟಿವಿಯ ಕಾಮಿಡಿ ಶೋಗಳಲ್ಲಿ ದಿನವೂ ಬಿಕರಿಯಾಗುವ ಸರಕೇನು? ಬಾಯಿಬಡುಕ ಹೆಂಡತಿ, ದಪ್ಪ ಹುಡುಗಿ, ಕಪ್ಪು ಹುಡುಗ, ತೊದಲುವವನು, ಸೀರೆ ಉಟ್ಟ ಗಂಡಸು. ಕೆಟ್ಟ ಪದ ಒಂದೂ ಇಲ್ಲ. ನಗುವವರ ಮಧ್ಯೆ ಕೂತ ದಪ್ಪ ಹುಡುಗಿಗೆ ಮಾತ್ರ ಅದು ಗೊತ್ತು. ಅಮೆರಿಕದಲ್ಲಿ ಬಿಲ್ ಕಾಸ್ಬಿ ಸ್ವಚ್ಛ ಹಾಸ್ಯದ ಮಠಾಧಿಪತಿಯಂತೆ ಇದ್ದ ಮನುಷ್ಯ. ವೇದಿಕೆಯ ಮೇಲೆ ಹೊಲಸು ಮಾತಾಡುತ್ತೀಯೆಂದು ಆತ ಫೋನು ಮಾಡಿ ಉಪದೇಶಿಸಿದ್ದನ್ನು ಹಾಸ್ಯನಟ ಎಡ್ಡಿ ಮರ್ಫಿ 1987ರ ‘ರಾ’ ಚಿತ್ರದಲ್ಲಿ ಹೇಳಿಕೊಂಡು ನಗಿಸುತ್ತಾರೆ. ಮುಂದೆ ಹತ್ತಾರು ಹೆಂಗಸರು ಕಾಸ್ಬಿಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು. 2018ರಲ್ಲಿ ಶಿಕ್ಷೆಯಾಯಿತು, 2021ರಲ್ಲಿ ಮೇಲಿನ ಕೋರ್ಟು ಕಾನೂನಿನ ಕ್ರಮದ ಕಾರಣಕ್ಕೆ ಅದನ್ನು ರದ್ದು ಮಾಡಿತು. ನಾಲಿಗೆಯ ಮಡಿ ನೋಡಿ ಮನುಷ್ಯನಿಗೆ ಪ್ರಮಾಣಪತ್ರ ಕೊಟ್ಟವರು ಅಂದು ಮುಖ ಮುಚ್ಚಿಕೊಳ್ಳಬೇಕಾಯಿತು.

ಬೈಗುಳಕ್ಕೂ ಅದರದೇ ಯೋಗ್ಯತೆ ಇದೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡದ್ದು ಬೈಗುಳದ ಬಲದಿಂದಲೇ. ಎದುರಿಗೆ ಮಂತ್ರಿ ಕೂತಿದ್ದರೂ ನಾಲಿಗೆ ಹಿಡಿಯದ ಬೈಗುಳ ಅದು. ಅಧಿಕಾರ ಇರುವವನನ್ನು ಬೈಯಲು ಎದೆ ಬೇಕು. ಈಚೆಗೆ ಸ್ಟ್ಯಾಂಡಪ್‌ನವರಿಗೆ ಬಂದ ನಿಜವಾದ ಸಂಕಟಗಳನ್ನು ನೋಡಿದರೂ ಅಷ್ಟೇ. ಮುನವ್ವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧನಕ್ಕೊಳಗಾಗಿ ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದದ್ದು, ಅದೇ ನವೆಂಬರಿನಲ್ಲಿ ಬೆಂಗಳೂರಿನ ಪ್ರದರ್ಶನ ನಿಂತದ್ದು ಹೊಲಸು ಮಾತಿಗಲ್ಲ. 2025ರ ಮಾರ್ಚಿನಲ್ಲಿ ಕುನಾಲ್ ಕಾಮ್ರಾ ಹಾಡಿದ ಅಣಕು ಹಾಡಿಗಾಗಿ ಮುಂಬಯಿಯ ಹ್ಯಾಬಿಟ್ಯಾಟ್ ಸ್ಟುಡಿಯೊವನ್ನು ಪುಡಿಗಟ್ಟಿದವರು ಶಬ್ದಕೋಶ ಹಿಡಿದು ಬಂದಿರಲಿಲ್ಲ. ಹಾಡು ಅವರ ನಾಯಕನ ಮೇಲಿತ್ತು. ‘ಲೇಟೆಂಟ್’ ಚಿತ್ರೀಕರಣವಾಗುತ್ತಿದ್ದುದೂ ಅದೇ ಸ್ಟುಡಿಯೊದಲ್ಲಿ. ಹೊಲಸು ಪ್ರಶ್ನೆಗೆ ಎಫ್‌ಐಆರ್, ರಾಜಕೀಯದ ಅಣಕಿಗೆ ಸುತ್ತಿಗೆ. ಎರಡನ್ನೂ ಒಂದೇ ‘ಅಸಭ್ಯತೆ’ಯ ಬುಟ್ಟಿಗೆ ಹಾಕುವವರ ಕೈಯನ್ನು ಗಮನಿಸಬೇಕು.

ಇಷ್ಟಾದರೂ ಬೆಂಗಳೂರಿನ ಬೈಗುಳದಲ್ಲಿ ಬಹುಪಾಲು ಬರೀ ಸೋಮಾರಿತನ. ಜೋಕಿನ ಕೊನೆಗೆ ಜೀವ ಸಾಲದೆ ಹೋದಾಗ ತುರುಕುವ ಸರಕು. ಅದರಲ್ಲೂ ಹಿಂದಿಯಿಂದ ಎತ್ತಿ ತಂದ, ಅಮ್ಮ, ಅಕ್ಕತಂಗಿಯರನ್ನು ಎಳೆದು ತರುವ ಬೈಗುಳ. ಅಂದರೆ ಮತ್ತೆ ಹೆಣ್ಣಿನ ಮೈಯೇ. ಕನ್ನಡದಲ್ಲೇ ಸ್ಟ್ಯಾಂಡಪ್ ಮಾಡುವ ‘ಲೋಲ್‌ಬಾಗ್’ನಂಥ ತಂಡಗಳು ಬಂದ ಮೇಲೆ ಒಂದು ಅನುಕೂಲವಾಗಿದೆ: ಮನೆಯ ಭಾಷೆಯಲ್ಲಿ ಬೈದರೆ ಕೂತವರಿಗೆ ಅದು ನೇರ ತಾಗುತ್ತದೆ, ಇಂಗ್ಲಿಷಿನ ಮರೆ ಸಿಗುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಬೈಯುವವನು ತೂಗಿ ಬೈಯಬೇಕು. ರೇಡಿಯೊದಿಂದ ಬಂದ ಶ್ರದ್ಧಾ ಜೈನ್ ‘ಅಯ್ಯೋ ಶ್ರದ್ಧಾ’ ಆಗಿ ಆಫೀಸು, ಟ್ರಾಫಿಕ್ಕು, ಮಂಗಳೂರು ಕಡೆಯ ಇಂಗ್ಲಿಷಿನ ಬಲದ ಮೇಲೆ ದೇಶವಿದೇಶದಲ್ಲಿ ಸಭಾಂಗಣ ತುಂಬಿಸುತ್ತಾರೆ. ಮನೆಮಂದಿಯ ಜೊತೆ ಕೂತು ನೋಡಬಹುದಾದ ಹಾಸ್ಯಕ್ಕೆ ಗಿರಾಕಿಗಳಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಹಾಗಿದ್ದರೆ ಜಾತ್ರೆಗೇನು ದಾರಿ? ನಿಷೇಧದ ಕೂಗು ಆಗಾಗ ಏಳುತ್ತದೆ. ನಿಷೇಧ ಮಾಡಿದರೆ ಮೊದಲು ಹಸಿವಿಗೆ ಬೀಳುವವರು ಕಲಾವಿದರು. ಅದೂ ಅಲ್ಲದೆ ಬದನೆಕಾಯಿ ಎನ್ನಬಾರದು ಎಂದು ಯಾವ ಅಧಿಕಾರಿ ಆದೇಶ ಬರೆದಾನು? ಬರೆದರೆ ಆ ಆದೇಶವನ್ನೇ ಕಾಮಿಡಿ ಪಾರ್ಟಿನವನು ರಂಗದ ಮೇಲೆ ಓದಿ ಹೌಸ್‌ಫುಲ್ ಮಾಡುತ್ತಾನೆ.

ಅಮೆರಿಕದ ಇನ್ನೊಂದು ಪ್ರಸಂಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಾರ್ಜ್ ಕಾರ್ಲಿನ್ 1972ರಲ್ಲಿ ಟಿವಿಯಲ್ಲಿ ಆಡಬಾರದ ಏಳು ಪದಗಳನ್ನು ಪಟ್ಟಿ ಮಾಡಿ ನಗಿಸಿದ. ಆ ಮಾಲಿಕೆಯ ಒಂದು ಕಂತು ಮರುವರ್ಷ ನ್ಯೂಯಾರ್ಕಿನ ರೇಡಿಯೊದಲ್ಲಿ ಹಗಲು ಹೊತ್ತಿನಲ್ಲೇ ಪ್ರಸಾರವಾಗಿ ಒಬ್ಬ ತಂದೆ ದೂರು ಕೊಟ್ಟ. 1978ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ಕೊಡುವಾಗ ಪದಗಳನ್ನು ನಾಡಿನಿಂದಲೇ ಓಡಿಸಲಿಲ್ಲ. ಯಾವ ಹೊತ್ತು, ಕೇಳುವವರಲ್ಲಿ ಮಕ್ಕಳಿದ್ದಾರೆಯೇ ಎಂದು ನೋಡಿತು. ಮುಂದೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಹೊತ್ತನ್ನು ಅಂಥ ಪ್ರಸಾರಕ್ಕೆ ಬಿಟ್ಟುಕೊಡುವ ನಿಯಮ ಬಂತು. ಹೋಳಿಯ ಬೈಗುಳಕ್ಕೆ ತಿಥಿ ಗೊತ್ತುಮಾಡಿದ ಬಾಗಲಕೋಟೆಯವರಿಗೆ ಇದು ಹೊಸ ಪಾಠವಲ್ಲ.

ಬನಶಂಕರಿಯಲ್ಲಿ ರಾತ್ರಿ ಒಂದರ ಮೇಲೊಂದು ಆಟ ನಡೆಯುತ್ತವೆ. ಮೊದಲ ಆಟ ಮನೆಮಂದಿಗೆ ಎಂದು ಕಂಪನಿಗಳೇ ಕೂಡಿ ಗೊತ್ತುಮಾಡಿಕೊಳ್ಳಬಹುದು. ಧುತ್ತರಗಿಯವರ ಒಂದು ನಾಟಕವನ್ನು ಕೂಡಿಸಿದ ಮಾತಿಲ್ಲದೆ ಆಡಿದ ಕಂಪನಿಗೆ ನಾಟಕ ಅಕಾಡೆಮಿ ಜಾಗದ ಬಾಡಿಗೆ ಕಟ್ಟಿಕೊಡಬಹುದು. ನಡುರಾತ್ರಿಯ ಆಟಕ್ಕೆ ‘ದೊಡ್ಡವರಿಗೆ ಮಾತ್ರ’ ಎಂಬ ಬೋರ್ಡು ಬೀಳಲಿ. ಆ ಬೋರ್ಡು ಕಂಡು ಜನ ಇಮ್ಮಡಿಯಾಗುವ ಸಂಭವ ಇದ್ದೇ ಇದೆ. ಆಗಲಿ. ಆ ಆಟಕ್ಕೆ ಟಿಕೆಟ್ಟಿನ ದರ ಹೆಚ್ಚಿಡಲಿ, ಹೆಚ್ಚು ಬಂದ ದುಡ್ಡಿನಲ್ಲಿ ಮೊದಲ ಪಾಲು ಆ ಮಾತುಗಳನ್ನೆಲ್ಲ ಮೈಮೇಲೆ ಹಾಕಿಸಿಕೊಳ್ಳುವ ಹೆಣ್ಣು ಪಾರ್ಟಿನವಳಿಗೆ ಸೇರಲಿ. ಯಾವ ಮಾತು ಇರಬೇಕು, ಯಾವುದು ಬೇಡ ಎಂದು ಹೇಳುವ ಹಕ್ಕೂ ಅವಳಿಗೇ ಇರಲಿ.